ತುಳುವಿನಲ್ಲಿ ಹೇಳಿದ ಆಕಾಶ

ಕಳೆದ ತಿಂಗಳು ಮೂಡಬಿದಿರೆಯ ಆಸ್ಪತ್ರೆಯೊಂದರಲ್ಲಿ ನರ್ಸು ನನ್ನ ತೋಳು ಹಿಡಿದು, ಸೂಜಿ ಚುಚ್ಚುವ ಮೊದಲು ಹತ್ತಿಯಲ್ಲಿ ಸ್ಪಿರಿಟ್ ಒರೆಸಿದಳು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಮಡಂತ್ಯಾರಿನ ಸಂತೆಕಟ್ಟೆ ಕಣ್ಣೆದುರು ಬಂತು. ಮುಸ್ಸಂಜೆಯ ಹೊತ್ತು, ನೆಲದ ಮೇಲೆ ಕೂತ ಜನ, ನನ್ನ ಕೈಯಲ್ಲೊಂದು ಕಬ್ಬಿಣದ ಸೌಟು, ಸೌಟಿನೊಳಗೆ ನೀಲಿಯಾಗಿ ಉರಿಯುತ್ತಿರುವ ಸ್ಪಿರಿಟ್. “ನೋವಾಯ್ತಾ ಅಜ್ಜಿ?” ಎಂದು ನರ್ಸು ಕೇಳಿದಳು. ನನ್ನ ಕಣ್ಣು ಒದ್ದೆಯಾದದ್ದು ಸೂಜಿಗೆ ಎಂದುಕೊಂಡಿರಬೇಕು. ಎಂಬತ್ತರ ಹತ್ತಿರ ಬಂದವಳು ಹದಿನಾರರ ನೆನಪಿಗೆ ಅಳುತ್ತಾಳೆ ಎಂದು ಆ ಹುಡುಗಿಗೆ ಹೇಗೆ ತಿಳಿಸುವುದು?

ಅದು ಸಾವಿರದ ಒಂಬೈನೂರ ಅರವತ್ತೊಂದರ ಮಳೆಗಾಲದಿಂದ ಮರುವರ್ಷದ ಬೇಸಗೆಯವರೆಗಿನ ಕಾಲ. ಬೆಳ್ತಂಗಡಿಯ ಬಸ್ಸು ನಿಲ್ಲುವ ಜಾಗದ ಎದುರು ನನ್ನ ಅಪ್ಪನ ಹೋಟೆಲು ಇತ್ತು. ಮುಂದೆ ಹೋಟೆಲು, ಹಿಂದೆ ನಮ್ಮ ಮನೆ, ಎರಡಕ್ಕೂ ಸೇರಿ ಒಂದೇ ಅಡುಗೆಕೋಣೆ. ನಾನು ಶಾಲೆಗೆ ಹೋಗುವ ಮೊದಲು ಉದ್ದು ರುಬ್ಬಿ, ಬಂದ ಮೇಲೆ ಬಾಳೆಹಣ್ಣು ಹಾಕಿದ ಬನ್ಸಿನ ಹಿಟ್ಟು ಕಲಸುತ್ತಿದ್ದೆ. ಎರಡು ವರ್ಷದ ಹಿಂದೆ ನನ್ನ ಅಕ್ಕ ಶಾರದೆ ವಿಷಮಜ್ವರದಲ್ಲಿ ತೀರಿಕೊಂಡಿದ್ದಳು. ಆ ಮೇಲೆ ಮನೆಯಲ್ಲಿ ಉಳಿದ ಮಗಳು ನಾನೊಬ್ಬಳೇ. ಎಸ್ಸೆಸ್ಸೆಲ್ಸಿಯ ವರ್ಷ. ನಮ್ಮ ತರಗತಿಯಲ್ಲಿ ಹುಡುಗಿಯರೆಂದರೆ ಒಂದು ಬೆಂಚಿಗೆ ಸಾಲುವಷ್ಟು.

ಆ ಜೂನಿನಲ್ಲಿ ನಮಗೆ ವಿಜ್ಞಾನಕ್ಕೆ ಹೊಸ ಮಾಷ್ಟ್ರು ಬಂದರು. ನಂಜುಂಡಯ್ಯ ಎಂದು ಹೆಸರು. ಮೈಸೂರಿನ ಕಡೆಯವರು, ಬಿ.ಎಸ್ಸಿ. ಮುಗಿಸಿ ಮೊದಲ ನೌಕರಿಗೆಂದು ಘಟ್ಟ ಇಳಿದಿದ್ದರು. ಅವರ ಮೊದಲ ವಾರ ಪೂರ್ತಿ ಮಳೆಯಲ್ಲೇ ಹೋಯಿತು. ಒಗೆದ ಅಂಗಿ ಒಣಗದೆ, ನಮ್ಮ ಹೋಟೆಲಿನ ಒಲೆಯ ಹತ್ತಿರ ನಿಂತು ಮೈಮೇಲೆಯೇ ಒಣಗಿಸಿಕೊಳ್ಳುತ್ತಿದ್ದರು. ಮೂರು ಹೊತ್ತಿನ ಊಟವೂ ನಮ್ಮಲ್ಲೇ. ಪುಸ್ತಕದ ಕನ್ನಡವನ್ನು ಒಂದೊಂದೇ ಶಬ್ದ ಇಟ್ಟು ಆಡುವ ನಮಗೆ ಅವರ ವೇಗದ “ಬರ್ತೀನಿ, ಹೋಗ್ತೀನಿ” ಮುಗಿಯುವ ಹೊತ್ತಿಗೆ ಮೊದಲ ಮಾತೇ ಮರೆತುಹೋಗುತ್ತಿತ್ತು. ಆದರೆ ತರಗತಿಯಲ್ಲಿ ಆಕಾಶದ ಪಾಠ ಬಂದಾಗ ಮಾತ್ರ ಅವರು ನಿಧಾನವಾಗುತ್ತಿದ್ದರು. ಪಾಠಪುಸ್ತಕದಲ್ಲಿ ಇದ್ದದ್ದು ಸೂರ್ಯ ಮತ್ತು ಅವನ ಸುತ್ತ ಒಂಬತ್ತು ಉಂಗುರ ಅಷ್ಟೇ. ಅವರು ಅದನ್ನು ಮುಚ್ಚಿ ಇಡುತ್ತಿದ್ದರು. “ಇದು ಹಳೇದು. ಈಗ ಏನು ಹುಡುಕ್ತಾ ಇದ್ದಾರೆ ಹೇಳ್ತೀನಿ, ಕೇಳಿ” ಎಂದು ಶುರು ಮಾಡುತ್ತಿದ್ದರು. ಆ ವರ್ಷವೇ ರಷ್ಯದವನೊಬ್ಬ ಭೂಮಿಯನ್ನು ಸುತ್ತಿ ಬಂದಿದ್ದ. ಆಕಾಶ ಎಂಬುದು ನಮಗೆಲ್ಲ ಹೊಸದಾಗಿ ತೆರೆದ ಅಂಗಡಿಯ ಹಾಗೆ ಇತ್ತು.

ಅದೇ ಮಳೆಗಾಲದಲ್ಲಿ ಪೇಪರಿನಲ್ಲಿ ಇನ್ನೊಂದು ಸುದ್ದಿ ಬರತೊಡಗಿತು. ಮುಂದಿನ ಫೆಬ್ರವರಿ ಮೊದಲ ವಾರದಲ್ಲಿ ಮಕರ ರಾಶಿಯಲ್ಲಿ ಎಂಟು ಗ್ರಹಗಳು ಸೇರುತ್ತವೆ, ಅಷ್ಟಗ್ರಹ ಕೂಟ, ಲೋಕಕ್ಕೆ ದೊಡ್ಡ ಗಂಡಾಂತರ ಎಂದು. ಹೋಟೆಲಿನಲ್ಲಿ ಚಾ ಕುಡಿಯುವವರು ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದರು. ಸಮುದ್ರ ಉಕ್ಕಿ ಘಟ್ಟದ ಬುಡದವರೆಗೆ ಬರುತ್ತದೆ ಎಂದ ಒಬ್ಬ. ಘಟ್ಟವೇ ಬಿರಿದು ಚಾರ್ಮಾಡಿ ಮುಚ್ಚಿಹೋಗುತ್ತದೆ ಎಂದ ಇನ್ನೊಬ್ಬ. ಅಪ್ಪ ಗಲ್ಲಾದ ಹತ್ತಿರ ಕೂತು ಎಲ್ಲ ಕೇಳುತ್ತಿದ್ದರು.

ಮಳೆ ನಿಂತ ಮೇಲೆ ತಾಲೂಕಿನ ಅಧಿಕಾರಿಯೊಬ್ಬರು ಮಾಷ್ಟ್ರನ್ನು ಕರೆಸಿ, ಜನರ ಹೆದರಿಕೆ ಬಿಡಿಸಲು ಅಲ್ಲಲ್ಲಿ ಭಾಷಣ ಮಾಡಿ ಎಂದರು. ಮಾಷ್ಟ್ರಿಗೆ ಬೇಕಾಗಿದ್ದೂ ಅದೇ. ಮೊದಲ ಸಭೆ ಮಡಂತ್ಯಾರಿನಲ್ಲಿ. ನಮ್ಮ ಹೊಲಿಗೆಯ ಲೂಸಿ ಟೀಚರ ಮನೆ ಅಲ್ಲೇ ಇತ್ತು. ಅವರ ಜೊತೆ ಬಟ್ಟೆ ತರಲು ಹೋದ ನಾನು ಸಭೆಗೂ ಹೋಗಿ ಕೂತೆ. ಮಾಷ್ಟ್ರು ಎದ್ದು ನಿಂತು “ಗ್ರಹಗಳ ಪರಿಭ್ರಮಣ, ಗುರುತ್ವಾಕರ್ಷಣ ಶಕ್ತಿ” ಎಂದು ಓಡಿಸಿದರು. ಜನ ಮುಖ ಮುಖ ನೋಡಿಕೊಂಡರು. ಬೆಲ್ಲ ಮಾರಲು ಬಂದಿದ್ದ ಮುದುಕಿಯೊಬ್ಬಳು ತುಳುವಿನಲ್ಲಿ ಗಟ್ಟಿಯಾಗಿ ಕೇಳಿದಳು, “ಇವರು ಎಂಥ ಮಾರುದು?” ಎಲ್ಲರೂ ನಕ್ಕರು. ಮಾಷ್ಟ್ರಿಗೆ ತುಳು ಬಾರದು. ತಾನೇನೋ ತಮಾಷೆ ಹೇಳಿದೆ ಎಂದುಕೊಂಡು ಅವರೂ ನಕ್ಕರು. ಅದು ನನ್ನಿಂದ ನೋಡಲಿಕ್ಕಾಗಲಿಲ್ಲ. ಎದ್ದು ನಿಂತೆ. “ಅಜ್ಜೀ, ಅವರು ಮಾರುದಲ್ಲ. ಆಕಾಶದಲ್ಲಿ ಎಂಥ ಉಂಟು ಅಂತ ಹೇಳ್ತಾ ಇದ್ದಾರೆ” ಎಂದು ತುಳುವಿನಲ್ಲಿ ಹೇಳಿದೆ. “ಹಾಗಾದರೆ ನೀನೇ ಹೇಳು ಮಗಾ” ಎಂದಳು ಮುದುಕಿ.

ಹೀಗೆ ನಾನು ಮಾಷ್ಟ್ರ ನಾಲಿಗೆಯಾದೆ. ಅಪ್ಪ ಆಗ ಅಡ್ಡಿ ಮಾಡಲಿಲ್ಲ. “ಲೂಸಿ ಟೀಚರ್ ಒಟ್ಟಿಗೆ ಇದ್ದಾರಲ್ಲ, ಹೋಗಲಿ. ನಾಲ್ಕು ಜನರ ಎದುರು ಮಾತಾಡ್ಲಿಕ್ಕೆ ಬಂದರೆ ಒಳ್ಳೆದೇ” ಎಂದರು. ಬಂದ ಗಿರಾಕಿಗಳಿಗೆ, “ನಮ್ಮ ಗಿರಿಜೆ ಭಾಷಣ ಮಾಡ್ತಾಳೆ ಮಾರಾಯ್ರೆ” ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ನಾವು ಮೂವರು ಬಸ್ಸು ಹತ್ತುತ್ತಿದ್ದೆವು. ಮಾಷ್ಟ್ರ ಚೀಲದಲ್ಲಿ ಒಂದು ಸುಲಿದ ತೆಂಗಿನಕಾಯಿ, ಸ್ವಲ್ಪ ಸಾಸಿವೆ, ಸ್ಪಿರಿಟ್ ಬಾಟಲಿ, ಉಪ್ಪು, ತೋಟಕ್ಕೆ ಔಷಧಿ ಬಿಡುವ ಮೈಲುತುತ್ತು. ಬಸ್ಸಿನಲ್ಲಿ ಕೂತು ಅವರು ಕನ್ನಡದಲ್ಲಿ ಹೇಳುವರು, ನಾನು ಅದಕ್ಕೆ ತುಳುವಿನಲ್ಲಿ ಏನನ್ನಬಹುದು ಎಂದು ಯೋಚಿಸುವೆನು. ಬೆಳಕಿನ ವರ್ಷ ಎಂದರೆ ಬೆಳಕು ನಿಲ್ಲದೆ ಒಂದು ವರ್ಷ ನಡೆದ ದಾರಿ. ಗುರುತ್ವಾಕರ್ಷಣೆ ಎಂದರೆ ಹೊಳೆಯ ಸೆಳೆತದ ಹಾಗೆ ಒಂದು ಸೆಳೆತ. ನಕ್ಷತ್ರಗಳ ಒಂದು ದೊಡ್ಡ ಗುಂಪಿಗೆ ನಾನು ಊರು ಎಂದೆ. ನಮ್ಮ ಸೂರ್ಯ ಒಂದು ಊರಿನ ಒಂದು ಮನೆ. ಅಂಥ ಊರುಗಳು ಆಕಾಶದಲ್ಲಿ ಎಷ್ಟೋ ಉಂಟು, ಪಕ್ಕದ ಊರಿನಿಂದ ಹೊರಟ ಬೆಳಕು ಇಲ್ಲಿಗೆ ಬರಲು ಲಕ್ಷಗಟ್ಟಲೆ ವರ್ಷ ಬೇಕು. ಮಾಷ್ಟ್ರು ಒಮ್ಮೆ, ಈ ಊರುಗಳೆಲ್ಲ ಒಂದರಿಂದ ಒಂದು ದೂರ ಹೋಗುತ್ತಿವೆ, ಆಕಾಶವೇ ಹಿಗ್ಗುತ್ತಿದೆ ಎಂದು ವಿದ್ವಾಂಸರು ಕಂಡುಹಿಡಿದಿದ್ದಾರೆ ಎಂದರು. ಅದು ನನಗೇ ಅರ್ಥವಾಗಲಿಲ್ಲ. ಬಸ್ಸು ಗುರುವಾಯನಕೆರೆ ದಾಟುವಷ್ಟರಲ್ಲಿ ಹೊಳೆಯಿತು. “ಸರ್, ಬನ್ಸು ಎಣ್ಣೆಯಲ್ಲಿ ಉಬ್ಬುವಾಗ ಅದರೊಳಗಿನ ಜೀರಿಗೆ ಕಾಳುಗಳು ದೂರ ದೂರ ಹೋಗ್ತಾವಲ್ಲ, ಹಾಗೆಯಾ?” ಮಾಷ್ಟ್ರು ಸೀಟಿನಿಂದ ಅರ್ಧ ಎದ್ದರು. “ಹಾಗೇ! ಅದೇ! ಜೀರಿಗೆ ನಡೆಯೋದಿಲ್ಲ, ಹಿಟ್ಟು ಹಿಗ್ಗುತ್ತೆ!” ಎಂದು ಕೂಗಿದ್ದಕ್ಕೆ ಕಂಡಕ್ಟರು ತಿರುಗಿ ನೋಡಿದ. ಅಷ್ಟು ಸಂತೋಷದಲ್ಲಿ ಇನ್ನೊಬ್ಬ ಮನುಷ್ಯನನ್ನು ನಾನು ಆವರೆಗೆ ಕಂಡಿರಲಿಲ್ಲ.

ಸಭೆಯಲ್ಲಿ ಮೊದಲು ಗ್ಯಾಸ್‌ಲೈಟು ಹಚ್ಚುವ ಮುನ್ನ ಸೌಟಿನಲ್ಲಿ ಸ್ಪಿರಿಟ್ ಉರಿಸುವುದು. ನಾನು ಉಪ್ಪು ಉದುರಿಸಿದರೆ ನೀಲಿ ಬೆಂಕಿ ಹಳದಿ ಆಗುತ್ತಿತ್ತು. ಮೈಲುತುತ್ತು ಹಾಕಿದರೆ ಹಸಿರು. ಹೆಂಗಸರು “ಅಯ್ಯೋ” ಎನ್ನುತ್ತಿದ್ದರು. ಒಂದೊಂದು ವಸ್ತು ಉರಿದಾಗ ಒಂದೊಂದು ಬಣ್ಣ, ಸೂರ್ಯನ ಬೆಳಕನ್ನು ಗಾಜಿನಲ್ಲಿ ಬಿಡಿಸಿ ನೋಡಿ ಅಲ್ಲಿ ಏನೇನು ಉಂಟು ಅಂತ ಇಲ್ಲಿ ಕೂತೇ ಹೇಳುತ್ತಾರೆ, ನಮ್ಮ ಅಡುಗೆಯ ಉಪ್ಪಿನಲ್ಲಿ ಇರುವುದು ಸೂರ್ಯನಲ್ಲೂ ಉಂಟು ಎಂದು ನಾನು ಹೇಳುತ್ತಿದ್ದೆ. ಆಮೇಲೆ ಹೊಸ ದೂರದರ್ಶಕಗಳ ಮಾತು. ಕಣ್ಣಿಗೆ ಕಾಣದ ಅಲೆಗಳನ್ನು ಹಿಡಿಯಲು ಪರದೇಶದಲ್ಲಿ ಆಕಾಶಕ್ಕೆ ಬಾಯಿ ಮಾಡಿ ದೊಡ್ಡ ದೊಡ್ಡ ಬಾಣಲೆ ಇಟ್ಟಿದ್ದಾರೆ. “ಎಂಥ ಕೇಳ್ತದೆ ಮಗಾ ಅದರಲ್ಲಿ? ಅವು ಮಾತಾಡ್ತಾವಾ?” ಎಂದು ಒಬ್ಬಳು ಕೇಳಿದಳು. ಮಾಷ್ಟ್ರನ್ನು ಕೇಳಿ ಹೇಳಿದೆ, “ಮಾತಲ್ಲ, ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಚರಚರ ಅಂತ.” ಅವಳು ತುಂಬ ಹೊತ್ತು ತಲೆಯೆತ್ತಿ ನೋಡಿದಳು.

ತೆಂಗಿನಕಾಯಿ ಕೊನೆಗೆ. ಕಾಯಿ ಸೂರ್ಯನಾದರೆ ರಸ್ತೆಯ ಆಚೆ ಬದಿಯಲ್ಲಿ ಇಟ್ಟ ಒಂದು ಸಾಸಿವೆ ನಮ್ಮ ಭೂಮಿ. ಗುರು ಒಂದು ಕಡಲೆಕಾಳು, ಪೇಟೆಯ ಆ ತುದಿಯಲ್ಲಿ. ಶನಿ ಅದಕ್ಕೂ ಆಚೆ. ಹತ್ತಿರದ ಇನ್ನೊಂದು ನಕ್ಷತ್ರ ಬೇಕಾದರೆ ಇನ್ನೊಂದು ತೆಂಗಿನಕಾಯಿ ಹಿಡಿದು ಕಾಶಿ ದಾಟಿ, ಹಿಮಾಲಯ ದಾಟಿ, ಚೀನಾದೊಳಗೆ ಹೋಗಬೇಕು. “ಇಷ್ಟು ದೂರ ದೂರ ಇದ್ದವು ಕೂಡುದು ಎಲ್ಲಿ? ನಮಗೆ ಒಂದೇ ದಿಕ್ಕಿನಲ್ಲಿ ಕಾಣ್ತಾವೆ ಅಷ್ಟೇ. ಕೇತು ಅಂತ ಒಂದು ವಸ್ತುವೇ ಇಲ್ಲ, ಅದು ಸೂರ್ಯಚಂದ್ರರ ದಾರಿ ಅಡ್ಡ ಹಾಯುವ ಜಾಗ. ಎಂಟು ಅಲ್ಲ, ಏಳು” ಎಂದು ನಾನು ಮುಗಿಸುತ್ತಿದ್ದೆ. “ಹಾಗಾದರೆ ಗಂಡಾಂತರ ಎಂಟರಲ್ಲಿ ಒಂದು ಪಾಲು ಕಡಿಮೆ ಆಯ್ತು” ಎಂದ ಚಾರ್ಮಾಡಿಯ ಒಬ್ಬ.

ಅಂಥವರ ಜೊತೆ ನಗಬಹುದಿತ್ತು. ಬಂಟ್ವಾಳದಲ್ಲಿ ನಗು ಬರಲಿಲ್ಲ. ಅಲ್ಲಿ ಹೊಳೆಯ ಹತ್ತಿರದ ಪೇಟೆಯಲ್ಲಿ ದೊಡ್ಡ ಸಭೆ, ಅಧ್ಯಕ್ಷತೆಗೆ ಒಬ್ಬ ಹಿರಿಯ ವ್ಯಾಪಾರಿ. ನಾನು ಮಾತಾಡುವಾಗ ಅವರು ಕಣ್ಣು ಮಿಟುಕಿಸದೆ ಕೇಳಿದರು. ಎದ್ದು, “ಇಂಥ ಮಾತು ನಮ್ಮ ಪೇಟೆಯಲ್ಲಿ ಈವರೆಗೆ ಯಾರೂ ಹೇಳಿಲ್ಲ. ಮಾಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ” ಎಂದು ಮಾಲೆ ಹಾಕಿದರು. ಆಮೇಲೆ ಅದೇ ಉಸಿರಿನಲ್ಲಿ, “ನಮ್ಮ ಶಾಂತಿಹೋಮಕ್ಕೆ ಎಲ್ಲರೂ ತುಪ್ಪ, ಸಮಿತ್ತು ಕೊಡಬೇಕು. ನನ್ನ ಲೆಕ್ಕದಲ್ಲಿ ಒಂದು ಡಬ್ಬಿ ತುಪ್ಪ” ಎಂದರು. ಜನ ಮಾಷ್ಟ್ರಿಗೆ ತಟ್ಟಿದ್ದಕ್ಕಿಂತ ಜೋರಾಗಿ ಅದಕ್ಕೆ ಚಪ್ಪಾಳೆ ತಟ್ಟಿದರು.

ಹೊರಗೆ ಬಂದಾಗ ಮಾಷ್ಟ್ರು ಪಡುವಣ ಆಕಾಶದಲ್ಲಿ ಗುರುವನ್ನೂ ಶನಿಯನ್ನೂ ತೋರಿಸಿದರು. ಆ ಚಳಿಗಾಲ ಎರಡೂ ಸಂಜೆ ಹತ್ತಿರ ಹತ್ತಿರ ಕಾಣುತ್ತಿದ್ದವು. ಜನ ಸುತ್ತ ಸೇರಿದರು. “ಮತ್ತೆ ಉಳಿದವು?” ಎಂದು ಒಬ್ಬರು ಕೇಳಿದರು. “ಕೂಟದ ದಿನ ಎಲ್ಲಾ ಸೂರ್ಯನ ಪಕ್ಕದಲ್ಲೇ ಇರ್ತವೆ. ಹಗಲು ಹೊತ್ತು. ಸೂರ್ಯನ ಬೆಳಕಿನಲ್ಲಿ ಕಾಣೋದಿಲ್ಲ” ಎಂದರು ಮಾಷ್ಟ್ರು. ನಾನು ಅದನ್ನು ತುಳುವಿನಲ್ಲಿ ಹೇಳಿದೆ. ಕೇಳಿದವರು, “ಕಾಣುದೇ ಇಲ್ಲ ಅಂದ ಮೇಲೆ, ಅಲ್ಲಿ ಎಂಥ ಆಗ್ತಾ ಉಂಟು ಅಂತ ನಿಮಗೆ ಹೇಗೆ ಗೊತ್ತಾಗುದು?” ಎಂದರು. ಮಾಷ್ಟ್ರು ಲೆಕ್ಕದಿಂದ ಗೊತ್ತಾಗುತ್ತದೆ ಎಂದರು. “ಜೋಯಿಸರೂ ಲೆಕ್ಕವೇ ಅಲ್ಲವಾ ಮಾಡುದು?” ಎಂದರು ಅವರು, ಜಗಳಕ್ಕಲ್ಲ, ನಿಜವಾಗಿ ತಿಳಿಯಬೇಕೆಂದು. ಆ ವಾರಗಳಲ್ಲಿ ಗುರು ಶನಿ ದಿನದಿನಕ್ಕೆ ಪಡುವಣಕ್ಕೆ ಇಳಿಯುತ್ತಿದ್ದವು. ಭೂಮಿ ಸೂರ್ಯನನ್ನು ಸುತ್ತುವುದರಿಂದ ಹಾಗೆ ಎಂದು ನಾವು ಹೇಳಿದಷ್ಟೂ, ಕೂಡಲು ಹೊರಟಿವೆ ನೋಡಿ ಎಂದು ಜನ ಹೆದರಿದರು.

ಡಿಸೆಂಬರಿನಲ್ಲಿ ಮೂಡಬಿದಿರೆಯ ಸಭೆ. ಅಲ್ಲಿ ನಾನು ಎಂದಿಗಿಂತ ಚೆನ್ನಾಗಿ ಮಾತಾಡಿದೆ. ಮಾಷ್ಟ್ರು ಒಂದು ವಾಕ್ಯ ಹೇಳುವಷ್ಟರಲ್ಲಿ ನಾನು ಮುಂದಿನ ಮೂರು ಹೇಳಿ ಮುಗಿಸುತ್ತಿದ್ದೆ. ಕೊನೆಗೆ ಅವರು ಹಿಂದೆ ಸರಿದು ಕೂತು ಕೇಳುತ್ತ ಉಳಿದರು. ಬರುವಾಗ ಹೇಳಿದರು, “ಗಿರಿಜಾ, ಪರೀಕ್ಷೆ ಆದ್ಮೇಲೆ ಮಂಗಳೂರಿನ ಕಾಲೇಜಿಗೆ ಸೇರು. ಭೌತಶಾಸ್ತ್ರ ತಗೋ. ನಾನು ನಿಮ್ಮಪ್ಪನ ಹತ್ರ ಮಾತಾಡ್ತೀನಿ.” ಆ ಮಾತು ಕೇಳಿ ಲೂಸಿ ಟೀಚರ್ ನನ್ನ ಕೈ ಹಿಡಿದುಕೊಂಡರು.

ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಒಬ್ಬರು ಕೂತಿದ್ದರು. ಮುಗಿದ ಮೇಲೆ ಪಕ್ಕದವರಿಗೆ, “ಪೊಣ್ಣು ಎಡ್ಡೆ ಪಾತೆರುವಳು” ಎಂದದ್ದು ನನಗೆ ಕೇಳಿಸಿತ್ತು. ಹುಡುಗಿ ಚೆನ್ನಾಗಿ ಮಾತಾಡುತ್ತಾಳೆ ಎಂದು. ಹಿಗ್ಗಿದ್ದೆ. ಒಂದು ವಾರದಲ್ಲಿ ಅವರೇ ನಮ್ಮ ಹೋಟೆಲಿಗೆ ಬಂದರು. ಮೂಡಬಿದಿರೆಯಲ್ಲಿ ಹೋಟೆಲು ಇಟ್ಟ ಹುಡುಗನ ಸೋದರಮಾವ. ನಮ್ಮವರೇ, ಒಳ್ಳೆಯ ಮನೆತನ. ನನ್ನನ್ನು ಕೇಳಲು ಬಂದಿದ್ದರು.

ಅಪ್ಪ ಜೋಯಿಸರಲ್ಲಿಗೆ ಹೋಗಿ ಬಂದರು. ಧನುರ್ಮಾಸದಲ್ಲಿ ಮದುವೆ ಇಲ್ಲ. ಸಂಕ್ರಮಣ ಕಳೆದು, ಕೂಟಕ್ಕೆ ಮೊದಲು, ಜನವರಿಯ ಕೊನೆಯಲ್ಲಿ ಒಂದು ಮುಹೂರ್ತ ಉಂಟಂತೆ. ಅಡುಗೆಕೋಣೆಗೆ ಬಂದು ಅಮ್ಮನಿಗೆ ಹೇಳುವ ಹಾಗೆ ನನಗೆ ಹೇಳಿದರು.

“ಅಪ್ಪಾ, ನನಗೆ ಮಾರ್ಚಿಯಲ್ಲಿ ಪರೀಕ್ಷೆ ಉಂಟು” ಎಂದೆ.

“ಮಾರ್ಚಿ ಉಂಟಾ ಇಲ್ವಾ ಅಂತ ಯಾರಿಗೆ ಗೊತ್ತು ಮಗಾ?”

“ಉಂಟು. ನಾನು ಊರೂರಲ್ಲಿ ಅದನ್ನೇ ಹೇಳಿದ್ದಲ್ಲವಾ? ನೀವೂ ಕೇಳಿದ್ದೀರಿ.”

“ಕೇಳಿದ್ದೇನೆ. ಚಂದ ಹೇಳ್ತೀ” ಎಂದು ನನ್ನ ತಲೆ ಸವರಿದರು. ಬೈದಿದ್ದರೆ ನಾನು ಎದುರು ಮಾತಾಡುತ್ತಿದ್ದೆನೇನೋ. ಅಮ್ಮನತ್ತ ನೋಡಿದೆ. ಅಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸದೆ, “ನನಗೂ ಹೆದರಿಕೆ ಆಗ್ತದೆ, ಗಿರಿಜಾ. ಒಬ್ಬಳನ್ನು ಹಾಗೆಯೇ ಕಳಕೊಂಡೆ” ಎಂದರು.

ಮರುದಿನ ಮಧ್ಯಾಹ್ನ, ಊಟದ ಗದ್ದಲ ಮುಗಿದ ಮೇಲೆ, ಮಾಷ್ಟ್ರು ಅಪ್ಪನ ಎದುರು ಬಂದು ಕೂತರು. ನಾನು ಅಡುಗೆಕೋಣೆಯ ಬಾಗಿಲ ಹಿಂದೆ ನಿಂತಿದ್ದೆ. ಅಪ್ಪ ತಾವೇ ಕಾಫಿ ತಂದಿಟ್ಟರು.

“ನೋಡಿ, ನಾನು ಮದುವೆ ಬೇಡ ಅನ್ನೋದಿಲ್ಲ” ಎಂದರು ಮಾಷ್ಟ್ರು. “ಪರೀಕ್ಷೆ ಒಂದು ಮುಗೀಲಿ. ಏಪ್ರಿಲ್‌ನಲ್ಲಿ ಮಾಡಿ. ಕೂಟ ಆಗಿ ಮಾರನೇ ದಿನ ಸೂರ್ಯ ಹುಟ್ಟೇ ಹುಟ್ತಾನೆ. ಆಮೇಲೆ ಯೋಚನೆ ಮಾಡಬಹುದಲ್ಲ.”

“ಹುಟ್ಟಿದರೆ ಒಳ್ಳೆದೇ. ಹುಟ್ಟದಿದ್ದರೆ ನಾನು ಯಾರ ಹತ್ರ ಹೋಗಿ ಕೇಳುದು ಮಾಷ್ಟ್ರೇ?”

“ಅದು ಲೆಕ್ಕ, ಸ್ವಾಮಿ. ತಪ್ಪೋದಿಲ್ಲ.”

ಅಪ್ಪ ಸ್ವಲ್ಪ ಹೊತ್ತು ಮೇಜು ಒರೆಸಿದರು. “ನಮ್ಮ ಶಾರದೆಯ ಜಾತಕ ನೋಡಿ ಜೋಯಿಸರು ಹೇಳಿದ್ದರು, ಆ ವರ್ಷ ಅಪಮೃತ್ಯು ಉಂಟು, ಶಾಂತಿ ಮಾಡಿಸು ಅಂತ. ನಾನು ನಂಬಲಿಲ್ಲ. ಆಮೇಲೆ ಮಾಡುವ ಅಂತ ಬಿಟ್ಟೆ. ಆಷಾಢದಲ್ಲಿ ಹೋದಳು. ಒಮ್ಮೆ ನಂಬದೆ ಕೂತವನಿಗೆ ಇನ್ನೊಮ್ಮೆ ಹಾಗೆ ಕೂರಲಿಕ್ಕೆ ಧೈರ್ಯ ಎಲ್ಲಿಂದ ಬರಬೇಕು? ನೀವು ಹೇಳುದು ಸರಿಯೇ ಇರಬಹುದು. ನಾಳೆ ಏನಾದರೂ ಆದರೆ, ಇವಳನ್ನಾದರೂ ಒಂದು ಕೈಗೆ ಒಪ್ಪಿಸಿದ್ದೆ ಅಂತ ನನಗೆ ಬೇಕು.”

ಅದು ನೀರಿನಿಂದ ಬಂದ ಜ್ವರ ಎಂದು ಮಾಷ್ಟ್ರು ಹೇಳಬಹುದಿತ್ತು. ಮಗಳನ್ನು ಸುಟ್ಟು ಬಂದ ಮನುಷ್ಯನಿಗೆ ಅದನ್ನು ಹೇಳುವುದು ಹೇಗೆ? ಆಗ ಮೂಲೆಯ ಬೆಂಚಿನಲ್ಲಿ ಬೀಡಿ ಸೇದುತ್ತಿದ್ದ ಬಸ್ ಏಜೆಂಟ ನಕ್ಕ. “ಮಾಷ್ಟ್ರಿಗೆ ಗಿರಿಜೆಯ ಮೇಲೆ ಭಾರೀ ಕಾಳಜಿ ಮಾರಾಯ್ರೆ” ಎಂದ.

ಅಪ್ಪ ಏಜೆಂಟನಿಗೆ “ಬಾಯಿ ಮುಚ್ಚು” ಎಂದರು. ಆದರೆ ಮಾತು ಹೊರಗೆ ಬಂದಾಗಿತ್ತು. ಮಾಷ್ಟ್ರು ಕಾಫಿ ಮುಟ್ಟದೆ ಎದ್ದು, ಕೈ ಮುಗಿದು, ಹೊರಟುಹೋದರು. ಅದರ ಮೇಲೆ ನಮ್ಮ ಹೋಟೆಲಿಗೆ ಊಟಕ್ಕೆ ಬರಲಿಲ್ಲ. ತರಗತಿಯಲ್ಲೂ ನನ್ನ ಬೆಂಚಿನತ್ತ ನೋಡುವುದನ್ನು ಬಿಟ್ಟರು. ನನಗಾಗಿ ಒಂದು ಮಾತು ಹೆಚ್ಚು ಆಡಿದರೆ ಅದು ನನಗೇ ಕೆಟ್ಟದ್ದು ಎಂದು ಅವರಿಗೆ ಗೊತ್ತಾಗಿತ್ತು, ನನಗೂ. ಉಳಿದ ಸಭೆಗಳು ನಿಂತವು. ಲೂಸಿ ಟೀಚರ್ ಒಮ್ಮೆ ಅಮ್ಮನ ಹತ್ತಿರ ಮಾತಾಡಿ ನೋಡಿದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತದ್ದು ನೋಡಿ, ಅವರೂ ಅತ್ತು ಎದ್ದುಹೋದರು.

ಸಂಕ್ರಮಣ ಕಳೆಯಿತು. ಗುರು ಶನಿ ಪಡುವಣದಲ್ಲಿ ಸೂರ್ಯನ ಬೆಳಕಿಗೆ ಇಳಿದು ಕಾಣದಾದವು. ನನ್ನ ಮದುವೆ ಆಯಿತು. ಆ ಮುಹೂರ್ತದಲ್ಲಿ ಎಷ್ಟು ಮದುವೆ ಇತ್ತೆಂದರೆ ವಾಲಗದವರು ಸಿಗದೆ, ನಮ್ಮಲ್ಲಿ ಧಾರೆ ಮುಗಿಸಿದವರು ಓಡುತ್ತ ಇನ್ನೊಂದು ಮನೆಗೆ ಹೋದರು. ಮಾಷ್ಟ್ರಿಗೆ ಅಪ್ಪ ತಾವೇ ಹೋಗಿ ಕರೆದಿದ್ದರು. ಅವರು ಬಂದರು, ಹಿಂದಿನ ಸಾಲಿನಲ್ಲಿ ಕೂತರು, ಅಕ್ಷತೆ ಹಾಕಿ ಊಟ ಮಾಡದೆ ಹೋದರು.

ಗಂಡನ ಮನೆಯವರು ಕೆಟ್ಟವರಲ್ಲ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಗಂಡ ಮಿತಭಾಷಿ, ದುಡಿಮೆಗಾರ. ಅತ್ತೆ ಬಾಯಿ ಜೋರಾದರೂ ಮನಸ್ಸು ಮೆತ್ತಗೆ. ಕೂಟ ಫೆಬ್ರವರಿ ಮೂರರಿಂದ ಐದರವರೆಗೆ. ಮೂರನೇ ತಾರೀಕಿನ ಹೊತ್ತಿಗೆ ಮೂಡಬಿದಿರೆಯ ಪೇಟೆ ಬಹುಪಾಲು ಮುಚ್ಚಿತ್ತು. ಹೋಮದ ಹೊಗೆಯಲ್ಲಿ ಬೀದಿಯ ಆ ಬದಿ ಕಾಣುತ್ತಿರಲಿಲ್ಲ. ನಮ್ಮ ಹೋಟೆಲಿಗೂ ಬೀಗ. ಅಕ್ಕಪಕ್ಕದ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ನಮ್ಮ ಅಡುಗೆಕೋಣೆಯಲ್ಲಿ ಬಂದು ಕೂತಿದ್ದರು. ನಾದಿನಿಯ ಪುಟ್ಟ ಮಗಳು ಅಳು ನಿಲ್ಲಿಸುತ್ತಿರಲಿಲ್ಲ. ಅತ್ತೆ ನನ್ನನ್ನು ಕೇಳಿದರು, “ನೀನು ಸಭೆಯಲ್ಲಿ ಹೇಳ್ತಾ ಇದ್ದೆಯಲ್ಲ, ಹೇಳು. ನಿಜವಾಗಿ ಎಂಥ ಆಗ್ತದೆ?”

ನಾನು ಅಟ್ಟದಿಂದ ತೆಂಗಿನಕಾಯಿ ಇಳಿಸಿ, ಡಬ್ಬಿಯಿಂದ ಸಾಸಿವೆ ತೆಗೆದೆ. ನೆಲದಲ್ಲಿ ಕೂತು ಎಲ್ಲ ಹೇಳಿದೆ. ಮಾಷ್ಟ್ರು ಇಲ್ಲದೆ, ಲೂಸಿ ಟೀಚರ್ ಇಲ್ಲದೆ, ನಾನೊಬ್ಬಳೇ ಮಾಡಿದ ಭಾಷಣ ಅದೊಂದೇ. ಮಗು ಸಾಸಿವೆ ಹುಡುಕುತ್ತ ಅಳು ಮರೆಯಿತು. ಹೆಂಗಸರ ಮುಖ ಸ್ವಲ್ಪ ಸಡಿಲಾಯಿತು. “ಹಾಗಾದರೆ ಏನೂ ಆಗುದಿಲ್ಲವಾ?” ಎಂದರು ಅತ್ತೆ. “ಏನೂ ಆಗುದಿಲ್ಲ ಅತ್ತೆ” ಎಂದೆ.

ಹೇಳುವಾಗಲೇ ಅದರ ಅರ್ಥ ನನಗೆ ತಟ್ಟಿತು. ಏನೂ ಆಗುವುದಿಲ್ಲ. ಆರನೇ ತಾರೀಕು ಬರುತ್ತದೆ, ಏಳು ಬರುತ್ತದೆ, ಮಾರ್ಚಿ ಬರುತ್ತದೆ, ನಾನು ಇದೇ ಒಲೆಯ ಮುಂದೆ ಇರುತ್ತೇನೆ. ಆ ಊರಿನಲ್ಲಿ ಎಲ್ಲರೂ ಲೋಕ ಉಳಿಯಲಿ ಎಂದು ಕೈ ಮುಗಿದು ಕೂತಿದ್ದಾಗ, ಏನಾದರೂ ಆಗಲಿ, ಸಮುದ್ರವಾದರೂ ಉಕ್ಕಿ ಬರಲಿ ಎಂದು ಬೇಡಿಕೊಂಡವಳು ನಾನೊಬ್ಬಳೇ ಇರಬೇಕು. ಬೇಡಿಕೊಂಡರೂ ಆಗುವುದಿಲ್ಲ ಎಂದು ಗೊತ್ತಿದ್ದವಳೂ ನಾನೊಬ್ಬಳೇ.

ಆರನೇ ತಾರೀಕಿನ ಬೆಳಿಗ್ಗೆ ಸೂರ್ಯ ಹುಟ್ಟಿದ. ಹಾಲಿನವನು ಬಂದ. ಮೊದಲ ಬಸ್ಸು ಹಾರನ್ ಹೊಡೆದದ್ದಕ್ಕೆ ಬೀದಿಯ ಜನ ಹೊರಗೆ ಬಂದು ನಕ್ಕರು, ಕೆಲವರು ಅತ್ತರು. ಸಂಜೆಯೊಳಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಅಷ್ಟು ಹೋಮ ಮಾಡಿದ್ದಕ್ಕೆ ಉಳಿದೆವು. ಆ ವಾರ ಅಪ್ಪ ನನ್ನನ್ನು ನೋಡಲು ಬಂದರು. ಹಗುರಾಗಿದ್ದರು, ಎರಡು ವರ್ಷದಲ್ಲಿ ಅವರ ಮುಖ ಅಷ್ಟು ಹಗುರಾಗಿ ಕಂಡಿರಲಿಲ್ಲ. “ದೇವರು ದೊಡ್ಡವ ಮಗಾ. ಲೋಕವೂ ಉಳಿಯಿತು, ನಿನ್ನ ಮದುವೆಯೂ ಆಯ್ತು” ಎಂದರು. ಅವರ ಎಲೆಗೆ ಅನ್ನ ಬಡಿಸಿದೆ.

ಪರೀಕ್ಷೆಯ ವಿಷಯ ಗಂಡನಲ್ಲಿ ಕೇಳಿದೆ. “ಬರೆಯುದಾದರೆ ಬರೆ” ಎಂದರು. ಆದರೆ ಬೆಳ್ತಂಗಡಿಯಲ್ಲಿ ಉಳಿಯಬೇಕು, ಹೊಸ ಮದುಮಗಳು ಅಷ್ಟು ದಿನ ತವರಿನಲ್ಲಿ ಕೂತರೆ ಜನ ಏನೆಂದಾರು ಎಂದರು ಅತ್ತೆ. ಶಾಲೆಗೆ ಹೋಗದೆ ಹಾಜರಿಯೂ ಕಡಿಮೆಯಾಗಿತ್ತು. ಮಾರ್ಚಿಯಲ್ಲಿ ನನಗೆ ವಾಂತಿ ಶುರುವಾಯಿತು. ಅಲ್ಲಿಗೆ ಆ ಮಾತು ಮುಗಿಯಿತು. ಯಾರೂ ಬೇಡವೆನ್ನಲಿಲ್ಲ, ತಾನಾಗಿಯೇ ಮುಗಿಯಿತು.

ಮೇ ತಿಂಗಳಲ್ಲಿ ಮಾಷ್ಟ್ರಿಗೆ ವರ್ಗವಾಯಿತು. ಕಾರ್ಕಳದ ಕಡೆ ಹೋಗುವ ಬಸ್ಸು ಕಾಯುತ್ತ ಮೂಡಬಿದಿರೆಯ ನಮ್ಮ ಹೋಟೆಲಿಗೆ ಬಂದಿದ್ದರು. ಗಂಡ ಗುರುತು ಹಿಡಿದು, ನನ್ನನ್ನು ಹೊರಗೆ ಕರೆದು, ತಾವು ಗಲ್ಲಾಕ್ಕೆ ಹೋಗಿ ನಿಂತರು. ಮಾಷ್ಟ್ರು ಇನ್ನೂ ತೆಳ್ಳಗಾಗಿದ್ದರು.

“ಚೆನ್ನಾಗಿದೀಯಾ?”

“ಇದ್ದೇನೆ ಸರ್.”

“ನಾನು ಹೇಳಿದ್ದೆಲ್ಲಾ ಸರಿಯಾಯ್ತು, ನೋಡು” ಎಂದು ನಗಲು ಹೋದರು. “ಒಬ್ಬರೂ ಬಂದು, ಮಾಷ್ಟ್ರೇ ನೀವು ಹೇಳಿದ ಹಾಗೇ ಆಯ್ತು ಅನ್ನಲಿಲ್ಲ. ಬಂಟ್ವಾಳದವರು ಪ್ರಸಾದ ಕಳಿಸಿದ್ರು.”

“ಮುಂದಿನ ವರ್ಷ ಖಾಸಗಿಯಾಗಿ ಪರೀಕ್ಷೆಗೆ…” ಎಂದು ಶುರು ಮಾಡಿದರು. ಅವರ ಕಣ್ಣು ನನ್ನ ಸೀರೆಯ ಮಡಿಕೆಯ ಮೇಲೆ ಹೋಯಿತು. ಅಲ್ಲಿಗೇ ಮಾತು ಬಿಟ್ಟರು. ಬಸ್ಸು ಬಂತು. “ಆರೋಗ್ಯ ನೋಡ್ಕೋಮ್ಮ” ಎಂದು ಟ್ರಂಕು ಎತ್ತಿಕೊಂಡರು. ಮತ್ತೆ ಅವರನ್ನು ಕಂಡಿಲ್ಲ. ಎಲ್ಲಿದ್ದರು, ಏನಾದರು, ಗೊತ್ತಿಲ್ಲ.

ಆ ವರ್ಷದ ಕಥೆ ಅಷ್ಟೇ. ಒಂದು ಮಾತ್ರ ಸೇರಿಸಬೇಕು. ಏಳು ವರ್ಷ ಕಳೆದು, ಜುಲೈಯ ಒಂದು ಮಳೆಯ ದಿನ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಸುದ್ದಿ ಹೋಟೆಲಿನ ರೇಡಿಯೋದಲ್ಲಿ ಬಂತು. ಗಿರಾಕಿಗಳಲ್ಲಿ ಭಾರೀ ಚರ್ಚೆ, ಸುಳ್ಳು ಎಂದು ಒಬ್ಬ, ನಿಜ ಎಂದು ಒಬ್ಬ. ಗಂಡ ಅಡುಗೆಕೋಣೆಯತ್ತ ತಿರುಗಿ ಅಭಿಮಾನದಿಂದ ಕರೆದರು, “ಇವಳಿಗೆ ಗೊತ್ತುಂಟು. ಮೊದಲು ಸಭೆಯಲ್ಲಿ ಇದನ್ನೇ ಹೇಳ್ತಾ ಇದ್ದವಳು. ಗಿರಿಜಾ, ಬಾ, ಹೇಳು.”

ಹಿಟ್ಟಿನ ಕೈ ಒರೆಸಿಕೊಂಡು ಬಾಗಿಲಿಗೆ ಬಂದೆ. ಎಲ್ಲರೂ ತಿನ್ನುವುದನ್ನು ನಿಲ್ಲಿಸಿ ನನ್ನತ್ತ ನೋಡಿದರು. ಚಂದ್ರ ಎಷ್ಟು ದೂರ, ಅಲ್ಲಿ ಯಾಕೆ ಗಾಳಿ ಇಲ್ಲ ಎಂದು ತುಳುವಿನಲ್ಲಿ ಹೇಳಿದೆ. ಮಾತು ಹಳೆಯ ಹಾಗೆಯೇ ಬಂತು, ನನಗೇ ಆಶ್ಚರ್ಯವಾಯಿತು. “ಹೋದವರು ಹಿಂದೆ ಬರುದು ಹೇಗೆ ಅಕ್ಕ?” ಎಂದು ಒಬ್ಬ ಹುಡುಗ ಕೇಳಿದ. “ಅಲ್ಲಿಂದ ಮಾತಾಡಿದ್ದು ಇಲ್ಲಿ ಕೇಳುದು ಹೇಗೆ?” ಎಂದ ಇನ್ನೊಬ್ಬ. ನನಗೆ ಗೊತ್ತಿದ್ದದ್ದೆಲ್ಲ ಆ ಜನವರಿಗೇ ನಿಂತುಹೋಗಿತ್ತು. ಆಮೇಲಿನದನ್ನು ನನಗೆ ಯಾರೂ ಹೇಳಿರಲಿಲ್ಲ, ಕೇಳಲು ಯಾರೂ ಇರಲಿಲ್ಲ.

“ಗೊತ್ತಿಲ್ಲ” ಎಂದೆ.

ಅವರು ಮತ್ತೆ ತಮ್ಮತಮ್ಮಲ್ಲೇ ಮಾತಾಡತೊಡಗಿದರು. ಯಾರೋ ಇನ್ನೆರಡು ಚಾ ಬೇಕೆಂದರು. ನಾನು ಒಳಗೆ ಹೋದೆ.